ಸಿಸಿಸಿ ಗಣಕಯಂತ್ರ ಪ್ರಮಾಣಪತ್ರ: 80 ಗಂಟೆಗಳ ಅಭ್ಯಾಸವನ್ನು ಯೋಜಿಸಿಕೊಳ್ಳುವ ವಿಧಾನ – ಲೋಕಾಪುರ ಹೋಬಳಿ ಹಾಗೂ ಸುತ್ತಲಿನ ಅರ್ಜಿದಾರರಿಗೆ ಮಾಹಿತಿ

ಲೋಕಾಪುರ ಹೋಬಳಿ ಹಾಗೂ ಮುಧೋಳ, ಜಮಖಂಡಿ, ಬೀಳಗಿ ಮತ್ತು ರಬಕವಿ-ಬನಹಟ್ಟಿ ತಾಲ್ಲೂಕುಗಳಿಂದ ಗಣಕಯಂತ್ರ ಜ್ಞಾನದ ಪ್ರಮಾಣಪತ್ರ ಪಡೆಯಲು ಇಚ್ಛಿಸುವ ಸಾರ್ವಜನಿಕರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಅರ್ಜಿ ಎಲ್ಲಿ ಸಿಗುತ್ತದೆ, ಶುಲ್ಕ ಎಷ್ಟು, ಪ್ರಮಾಣಪತ್ರ ಯಾವಾಗ ಕೈಸೇರುತ್ತದೆ ಎಂಬುದನ್ನು ಎಲ್ಲ ಅರ್ಜಿದಾರರೂ ವಿಚಾರಿಸುತ್ತಾರೆ. ದಿನಕ್ಕೆ ಎಷ್ಟು ಹೊತ್ತು ಅಭ್ಯಾಸ ಮಾಡಬೇಕು, ಎಷ್ಟು ವಾರ ಬೇಕಾಗುತ್ತದೆ, ಯಾವ ತಿಂಗಳ ಪರೀಕ್ಷೆಗೆ ಅರ್ಜಿ ಸಲ್ಲಿಸುವುದು ಸೂಕ್ತ ಎಂದು ವಿಚಾರಿಸುವವರು ಕಡಿಮೆ. ಶುಲ್ಕ ಪಾವತಿಸಿದ ನಂತರ ಪರೀಕ್ಷೆಗೆ ಹಾಜರಾಗದಿರುವುದು ಅಥವಾ ಅರ್ಧ ಪಠ್ಯಕ್ರಮವನ್ನಷ್ಟೇ ಮುಗಿಸಿ ಹಾಜರಾಗುವುದು ಹೆಚ್ಚಾಗಿ ಈ ಲೆಕ್ಕವನ್ನು ಮೊದಲೇ ಮಾಡದಿರುವುದರಿಂದ. ಆದುದರಿಂದ ಅರ್ಜಿ ಸಲ್ಲಿಸುವ ಮುನ್ನ ಈ ಕೆಳಗಿನ ವಿವರಗಳನ್ನು ಸಾವಧಾನವಾಗಿ ಓದಿಕೊಳ್ಳಲು ಕೋರಲಾಗಿದೆ.

ಶಿಕ್ಷಣಕ್ರಮದ ಸಂಕ್ಷಿಪ್ತ ವಿವರ

ಭಾರತ ಸರ್ಕಾರದ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯದ ಅಧೀನದಲ್ಲಿರುವ ರಾಷ್ಟ್ರೀಯ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಂಸ್ಥೆಯು, ಅಂದರೆ ನೀಲಿಟ್, ಈ ಪರೀಕ್ಷೆಯನ್ನು ನಡೆಸುತ್ತದೆ. 2011ಕ್ಕೆ ಮೊದಲು ಈ ಸಂಸ್ಥೆಯು ಡೊಯಾಕ್ ಎಂಬ ಹೆಸರಿನಿಂದ ಪರಿಚಿತವಾಗಿತ್ತು. ಹಳೆಯ ಪ್ರಮಾಣಪತ್ರಗಳಲ್ಲಿ ಆ ಹೆಸರೇ ಇರುವುದರಿಂದ ಅರ್ಜಿದಾರರು ಗೊಂದಲಕ್ಕೆ ಒಳಗಾಗಬೇಕಾಗಿಲ್ಲ. ಗಣಕ ಪರಿಕಲ್ಪನೆಗಳ ಶಿಕ್ಷಣಕ್ರಮವೆಂಬ ಅರ್ಥದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳೇ ಸಿಸಿಸಿ. ಇದಕ್ಕೆ ನಿರ್ದಿಷ್ಟ ವಿದ್ಯಾರ್ಹತೆಯನ್ನು ವಿಧಿಸಿಲ್ಲ. ಮಾನ್ಯತೆ ಪಡೆದ ತರಬೇತಿ ಕೇಂದ್ರದ ಮೂಲಕ ಅರ್ಜಿ ಸಲ್ಲಿಸಬಹುದು. ಯಾವುದೇ ಕೇಂದ್ರಕ್ಕೆ ಸೇರದೆ ನೇರ ಅಭ್ಯರ್ಥಿಯಾಗಿಯೂ ಪರೀಕ್ಷೆಗೆ ಹಾಜರಾಗಬಹುದು.

ಪರೀಕ್ಷೆಯು ಗಣಕಯಂತ್ರದ ಮೂಲಕವೇ ನಡೆಯುತ್ತದೆ. 90 ನಿಮಿಷಗಳಲ್ಲಿ 100 ವಸ್ತುನಿಷ್ಠ ಪ್ರಶ್ನೆಗಳಿಗೆ ಉತ್ತರಿಸಬೇಕು. ಪ್ರಶ್ನೆಯೊಂದಕ್ಕೆ ದೊರೆಯುವ ಕಾಲ 54 ಸೆಕೆಂಡು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. 50 ಅಂಕ ಪಡೆದವರು ಉತ್ತೀರ್ಣರು. 50ರಿಂದ 54ರವರೆಗೆ ಡಿ, ಅಲ್ಲಿಂದ ಮೇಲಕ್ಕೆ ಸಿ, ಬಿ, ಎ ಹೀಗೆ ಶ್ರೇಣಿಗಳು ಏರುತ್ತವೆ. 85 ಮತ್ತು ಅದಕ್ಕಿಂತ ಹೆಚ್ಚು ಅಂಕಗಳಿಗೆ ಎಸ್ ಶ್ರೇಣಿ ದೊರೆಯುತ್ತದೆ.

80 ಗಂಟೆ ಎಂದರೇನು

ಶಿಕ್ಷಣಕ್ರಮದ ಅವಧಿಯನ್ನು 80 ಗಂಟೆಗಳೆಂದು ನಿಗದಿಪಡಿಸಲಾಗಿದೆ. ಇದರಲ್ಲಿ 32 ಗಂಟೆ ಪಾಠ, 48 ಗಂಟೆ ಪ್ರಾಯೋಗಿಕ ಅಭ್ಯಾಸ. ಈ ವಿಭಾಗವನ್ನು ಅರ್ಜಿದಾರರು ವಿಶೇಷವಾಗಿ ಗಮನಿಸತಕ್ಕದ್ದು. ಪಾಠದ 32 ಗಂಟೆಗಳನ್ನು ಪುಸ್ತಕದ ಮೂಲಕವೋ ಮೊಬೈಲ್ ದೂರವಾಣಿಯ ಮೂಲಕವೋ, ಬಸ್ಸಿನಲ್ಲಿಯೋ ಮನೆಯ ಅಂಗಳದಲ್ಲಿಯೋ ಪೂರೈಸಬಹುದು. ಪ್ರಾಯೋಗಿಕ ಅಭ್ಯಾಸದ 48 ಗಂಟೆಗಳಿಗೆ ಮಾತ್ರ ಗಣಕಯಂತ್ರದ ಮುಂದೆಯೇ ಕುಳಿತಿರಬೇಕಾಗುತ್ತದೆ. ಮನೆಯಲ್ಲಿ ಯಂತ್ರವಿಲ್ಲದವರ ಮಟ್ಟಿಗೆ ಅಭ್ಯಾಸದ ವೇಗವನ್ನು ನಿರ್ಧರಿಸುವುದು ಈ 48 ಗಂಟೆಗಳೇ. ಓದುವ ಉತ್ಸಾಹ ಎಷ್ಟೇ ಇದ್ದರೂ ವಾರಕ್ಕೆ 4 ಗಂಟೆ ಮಾತ್ರ ಯಂತ್ರ ದೊರೆಯುವವರಿಗೆ 12 ವಾರಗಳಿಗಿಂತ ಮೊದಲು ಅಭ್ಯಾಸ ಮುಗಿಯಲಾರದು.

ತರಬೇತಿ ಕೇಂದ್ರಕ್ಕೆ ಸೇರುವವರು ಶುಲ್ಕ ಪಾವತಿಸುವ ಮೊದಲು ಒಂದು ದಿನ ಹೋಗಿ ತರಗತಿಯನ್ನು ನೋಡಿ ಬರುವುದು ಒಳ್ಳೆಯದು. ಒಬ್ಬರಿಗೆ ಒಂದು ಯಂತ್ರವೇ, ಅಥವಾ ಇಬ್ಬರು ಸೇರಿ ಒಂದೇ ಯಂತ್ರವನ್ನು ಬಳಸುತ್ತಾರೆಯೇ ಎಂಬುದನ್ನು ತಿಳಿದುಕೊಳ್ಳಬೇಕು. ಇಬ್ಬರು ಹಂಚಿಕೊಂಡಲ್ಲಿ ಒಂದು ಗಂಟೆಯ ತರಗತಿಯಲ್ಲಿ ಒಬ್ಬರ ಕೈಗೆ ಕೀಲಿಮಣೆ ದೊರೆಯುವುದು ಅರ್ಧ ಗಂಟೆ ಮಾತ್ರ. 48 ಗಂಟೆಯ ಅಭ್ಯಾಸಕ್ಕೆ 96 ಗಂಟೆ ತರಗತಿಯಲ್ಲಿ ಕುಳಿತಿರಬೇಕಾಗುತ್ತದೆ. ಪಕ್ಕದವರು ಮಾಡುವುದನ್ನು ನೋಡುತ್ತ ಕುಳಿತ ಸಮಯವನ್ನು ಅಭ್ಯಾಸವೆಂದು ಎಣಿಸಲಾಗದು. ವಿದ್ಯುತ್ ನಿಲುಗಡೆಯಾದಾಗ ಬದಲಿ ವ್ಯವಸ್ಥೆ ಇದೆಯೇ, ನಷ್ಟವಾದ ತರಗತಿಯನ್ನು ಬೇರೆ ದಿನ ನಡೆಸಿಕೊಡಲಾಗುವುದೇ ಎಂಬುದನ್ನೂ ಕೇಳಿ ತಿಳಿದುಕೊಳ್ಳಬಹುದು. ಇದನ್ನು ಕೇಳಲು ಸಂಕೋಚಪಡಬೇಕಾಗಿಲ್ಲ. "15 ದಿನಗಳಲ್ಲಿ ಪ್ರಮಾಣಪತ್ರ" ಎಂಬ ಭಿತ್ತಿಪತ್ರವನ್ನು ಕಂಡಲ್ಲಿ 80 ಗಂಟೆಯನ್ನು 15ರಿಂದ ಭಾಗಿಸಿ ನೋಡುವುದು: ಬಿಡುವಿಲ್ಲದೆ ದಿನಕ್ಕೆ 5 ಗಂಟೆ 20 ನಿಮಿಷ ಬರುತ್ತದೆ.

ಅತಿ ವೇಗವೂ ಅತಿ ನಿಧಾನವೂ ಸಲ್ಲದೆಂಬುದಕ್ಕೆ ಸರ್ಕಾರದ ಯೋಜನೆಯೊಂದೇ ನಿದರ್ಶನ. ಗ್ರಾಮೀಣ ಪ್ರದೇಶದ 14ರಿಂದ 60 ವರ್ಷ ವಯೋಮಿತಿಯವರಿಗಾಗಿ 2017ರಲ್ಲಿ ಮಂಜೂರಾಗಿ 2024ರ ಮಾರ್ಚ್ 31ರಂದು ಮುಕ್ತಾಯಗೊಂಡ ಪ್ರಧಾನ ಮಂತ್ರಿ ಗ್ರಾಮೀಣ ಡಿಜಿಟಲ್ ಸಾಕ್ಷರತಾ ಅಭಿಯಾನದಲ್ಲಿ ತರಬೇತಿಯ ಅವಧಿ 20 ಗಂಟೆಗಳಿದ್ದವು. ಆ 20 ಗಂಟೆಗಳನ್ನು ಕನಿಷ್ಠ 10 ದಿನ, ಗರಿಷ್ಠ 30 ದಿನಗಳಲ್ಲಿ ಪೂರೈಸಬೇಕೆಂದು ಗೊತ್ತುಪಡಿಸಲಾಗಿತ್ತು. ಅಂದರೆ ದಿನಕ್ಕೆ ಸರಾಸರಿ ಎರಡು ಗಂಟೆಗಿಂತ ಹೆಚ್ಚು ತುಂಬಬಾರದು, ತಿಂಗಳಿಗಿಂತ ಹೆಚ್ಚು ಎಳೆಯಲೂಬಾರದು. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ವಿದ್ವಾಂಸರು 1885ರಲ್ಲಿ ಪ್ರಕಟಿಸಿದ ಸ್ಮರಣಶಕ್ತಿಯ ಪ್ರಯೋಗಗಳಲ್ಲಿಯೂ ಇದೇ ಅಂಶ ಕಂಡುಬಂದಿತು: ಒಂದೇ ಬಾರಿಗೆ ಗಟ್ಟಿ ಮಾಡಿದ್ದಕ್ಕಿಂತ ದಿನಗಳ ಅಂತರದಲ್ಲಿ ಮತ್ತೆ ಮತ್ತೆ ಅಭ್ಯಸಿಸಿದ್ದು ಹೆಚ್ಚು ಕಾಲ ಉಳಿಯುತ್ತದೆ. ಸಿಸಿಸಿಗೂ ಇದು ಅನ್ವಯಿಸುತ್ತದೆ.

ತಮ್ಮ ವಾರವನ್ನು ಲೆಕ್ಕ ಹಾಕುವುದು

ಸಮಯವನ್ನು ಹಣದಂತೆ ಜಮಾ-ಖರ್ಚು ಬರೆದು ನೋಡುವುದು ಅತ್ಯಂತ ಸರಳ ಉಪಾಯ. ಒಂದು ನೋಟುಪುಸ್ತಕದಲ್ಲಿ ಏಳು ದಿನಗಳ ಕಾಲ, ತಮಗೆ ನಿಜವಾಗಿಯೂ ದೊರೆತ ಬಿಡುವಿನ ಗಂಟೆಗಳನ್ನು ಬರೆಯಬೇಕು. ದೊರೆಯಬಹುದೆಂದು ಊಹಿಸಿದ ಗಂಟೆಗಳನ್ನು ಬರೆಯಬಾರದು. ಊಹೆಯ ಗಂಟೆಗಳು ಬರಬೇಕಾದ ಬಾಕಿಯಿದ್ದಂತೆ. ಅವುಗಳನ್ನು ನಗದು ಪುಸ್ತಕದಲ್ಲಿ ತೋರಿಸುವಂತಿಲ್ಲ.

ವಾರದ ಮೊತ್ತ ಸಿಕ್ಕಿದ ನಂತರ 80ಕ್ಕೆ ಐದನೆಯ ಒಂದು ಭಾಗವನ್ನು, ಅಂದರೆ 16 ಗಂಟೆಗಳನ್ನು, ಕಾಯ್ದಿರಿಸಿದ ಸಮಯವೆಂದು ಸೇರಿಸಿ 96 ಗಂಟೆಗಳಿಗೆ ಲೆಕ್ಕ ಹಾಕಬೇಕು. ಹಬ್ಬ, ಜಾತ್ರೆ, ಮದುವೆ, ಕಾಯಿಲೆ ಹಾಗೂ ಕೊನೆಯ ಪುನರಾವರ್ತನೆಗೆ ಈ 16 ಗಂಟೆಗಳು. ಪದವಿ ಮುಗಿಸಿ ಮನೆಯಲ್ಲಿರುವ ಅಭ್ಯರ್ಥಿಯು ವಾರದಲ್ಲಿ ಆರು ದಿನ ಎರಡೆರಡು ಗಂಟೆ ಕುಳಿತಲ್ಲಿ ವಾರಕ್ಕೆ 12 ಗಂಟೆಯಾಗಿ, 8 ವಾರಗಳಲ್ಲಿ ಸಿದ್ಧನಾಗಬಹುದು. ಅಂಗಡಿಯಲ್ಲಿಯೋ ಸಹಕಾರ ಸಂಘದಲ್ಲಿಯೋ ದಿನವಿಡೀ ದುಡಿಯುವವರು ದಿನಕ್ಕೊಂದು ಗಂಟೆ ಹಾಗೂ ಭಾನುವಾರ ಮೂರು ಗಂಟೆ ತೆಗೆದಿಟ್ಟಲ್ಲಿ ವಾರಕ್ಕೆ 9 ಗಂಟೆ. ಅವರಿಗೆ 11 ವಾರ ಬೇಕು. ವಾರಕ್ಕೆ 5 ಗಂಟೆ ಮಾತ್ರ ದೊರೆಯುವ ಗೃಹಿಣಿಯರಿಗೆ ಅಥವಾ ಮಗ್ಗದ ಕೆಲಸಗಾರರಿಗೆ 20 ವಾರ. ಇಪ್ಪತ್ತು ವಾರ ದೀರ್ಘವೆನಿಸಿದರೂ ಅದರಲ್ಲಿ ಅವಮಾನವೇನೂ ಇಲ್ಲ. ಎಂಟು ವಾರದ ಯೋಜನೆ ಹಾಕಿಕೊಂಡು ನಾಲ್ಕನೆಯ ವಾರದಲ್ಲಿ ಕೈಬಿಡುವುದಕ್ಕಿಂತ ಇಪ್ಪತ್ತು ವಾರದ ಯೋಜನೆಯನ್ನು ಪೂರ್ಣಗೊಳಿಸುವುದು ಮೇಲು.

ಈ ಭಾಗದ ಕಾಲಮಾನವನ್ನು ಗಮನದಲ್ಲಿಟ್ಟುಕೊಂಡೇ ಆರಂಭದ ದಿನವನ್ನು ಆಯ್ಕೆ ಮಾಡಿಕೊಳ್ಳಬೇಕು. ಮುಧೋಳ, ಜಮಖಂಡಿ ಭಾಗದಲ್ಲಿ ಕಬ್ಬು ನುರಿಸುವ ಹಂಗಾಮು ಸಾಮಾನ್ಯವಾಗಿ ದೀಪಾವಳಿಯ ಆಸುಪಾಸಿನಲ್ಲಿ ಆರಂಭವಾಗಿ ಬೇಸಿಗೆಯವರೆಗೂ ನಡೆಯುತ್ತದೆ. ಕಟಾವಿನ ತಂಡ ಯಾವ ದಿನ ಹೊಲಕ್ಕೆ ಬರುವುದೆಂದು ರೈತ ಕುಟುಂಬಕ್ಕೆ ಮೊದಲೇ ತಿಳಿದಿರುವುದಿಲ್ಲ. ಬಂದ ದಿನ ಮನೆಯವರೆಲ್ಲರೂ ಹೊಲದಲ್ಲಿರಬೇಕಾಗುತ್ತದೆ. ಆ ತಿಂಗಳುಗಳಲ್ಲಿ ಅಭ್ಯಾಸ ಆರಂಭಿಸುವವರು ವಾರದ ಗಂಟೆಗಳನ್ನು ಅರ್ಧಕ್ಕೆ ಇಳಿಸಿ ಲೆಕ್ಕ ಹಾಕುವುದು ಲೇಸು. ಜುಲೈ, ಆಗಸ್ಟ್ ತಿಂಗಳುಗಳ ಪರೀಕ್ಷೆಯನ್ನು ಆಯ್ಕೆ ಮಾಡುವವರು ಘಟಪ್ರಭಾ ಹಾಗೂ ಕೃಷ್ಣಾ ನದಿಗಳ ಮಟ್ಟವನ್ನೂ ನೆನಪಿನಲ್ಲಿಡಬೇಕು. 2019ರ ಆಗಸ್ಟ್ ತಿಂಗಳ ಪ್ರವಾಹದಲ್ಲಿ ಈ ಜಿಲ್ಲೆಯ ನದಿತೀರದ ಗ್ರಾಮಗಳ ರಸ್ತೆ ಸಂಪರ್ಕ ಕಡಿತಗೊಂಡುದನ್ನು ಸಾರ್ವಜನಿಕರು ಮರೆತಿರಲಾರರು. ರಬಕವಿ-ಬನಹಟ್ಟಿಯ ನೇಕಾರ ಕುಟುಂಬದವರಿಗೆ ಹಬ್ಬ ಮತ್ತು ಮದುವೆಗಳ ಮುಂಚಿನ ವಾರಗಳು ಬಿಡುವಿಲ್ಲದ ವಾರಗಳು. ಯಾವ ತಿಂಗಳು ತಮಗೆ ಹಗುರವೆಂಬುದು ಅರ್ಜಿದಾರರಿಗೇ ಚೆನ್ನಾಗಿ ಗೊತ್ತು. ಸಿಸಿಸಿ ಪರೀಕ್ಷೆಯು ವರ್ಷಕ್ಕೊಮ್ಮೆ ಬರುವ ಪರೀಕ್ಷೆಯಲ್ಲ. ತಿಂಗಳ ಸರದಿಯಲ್ಲಿ ನಡೆಯುವುದರಿಂದ ಆಯ್ಕೆಗೆ ಅವಕಾಶವಿದೆ.

ಅರ್ಜಿ ಸಲ್ಲಿಸುವ ಸಮಯ

ಪರೀಕ್ಷೆಯ ತಿಂಗಳಿಗೆ ಹಲವು ವಾರಗಳ ಮೊದಲೇ ಅರ್ಜಿ ಸ್ವೀಕಾರ ಮುಕ್ತಾಯಗೊಳ್ಳುತ್ತದೆ ಎಂಬುದು ಅನೇಕರಿಗೆ ತಿಳಿದಿರುವುದಿಲ್ಲ. ಅಭ್ಯಾಸ ಪೂರ್ಣಗೊಳಿಸಿ ನಂತರ ಅರ್ಜಿ ಹಾಕಲು ಹೋದಲ್ಲಿ ಪರೀಕ್ಷೆಯು ಮತ್ತಷ್ಟು ಮುಂದೆ ಹೋಗಿ, ಕಲಿತದ್ದು ಅಷ್ಟರಲ್ಲಿ ಮಾಸಿರುತ್ತದೆ. ಅಭ್ಯಾಸ ಆರಂಭಿಸುವ ಮೊದಲೇ ಅರ್ಜಿ ಹಾಕಿದಲ್ಲಿ ತಮ್ಮ ನಿಜವಾದ ವೇಗ ತಿಳಿಯದೆ ತಿಂಗಳನ್ನು ಆಯ್ಕೆ ಮಾಡಿದಂತಾಗುತ್ತದೆ. ಎರಡು ವಾರ ಅಭ್ಯಾಸ ಮಾಡಿ, ಎಷ್ಟು ಗಂಟೆ ನಡೆಯಿತೆಂದು ನೋಟುಪುಸ್ತಕದಲ್ಲಿ ನೋಡಿ, ಉಳಿದ ವಾರಗಳನ್ನು ಎಣಿಸಿ, ಅನಂತರ ತಿಂಗಳನ್ನು ಗೊತ್ತುಪಡಿಸಿಕೊಂಡು ಅರ್ಜಿ ಸಲ್ಲಿಸುವುದು ಮಧ್ಯಮ ಮಾರ್ಗ. ಆಯಾ ತಿಂಗಳ ಕೊನೆಯ ದಿನಾಂಕವನ್ನೂ ಶುಲ್ಕವನ್ನೂ ಸಂಸ್ಥೆಯ ಅಧಿಕೃತ ಜಾಲತಾಣದಲ್ಲಿಯೇ ಪರಿಶೀಲಿಸತಕ್ಕದ್ದು. ಪಾವತಿಸಿದ ಶುಲ್ಕವನ್ನು ಹಿಂದಿರುಗಿಸುವುದಿಲ್ಲವಾದ್ದರಿಂದ ಮಧ್ಯವರ್ತಿಗಳ ಮಾತನ್ನು ನಂಬಿ ಅವಸರ ಮಾಡಬಾರದು.

ಅರ್ಜಿಯಲ್ಲಿ ಹೆಸರು, ತಂದೆ-ತಾಯಿಯ ಹೆಸರು ಮತ್ತು ಜನ್ಮ ದಿನಾಂಕಗಳನ್ನು ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿರುವಂತೆಯೇ ನಮೂದಿಸುವುದು ಸೂಕ್ತ. ಗುರುತಿನ ಚೀಟಿಯಲ್ಲಿ ಅಡ್ಡಹೆಸರು ಮೊದಲು, ಅಂಕಪಟ್ಟಿಯಲ್ಲಿ ಕೊನೆಗೆ ಇರುವುದು ಈ ಭಾಗದಲ್ಲಿ ಸಾಮಾನ್ಯ ಸಂಗತಿ. ನೇಮಕಾತಿಯ ದಾಖಲಾತಿ ಪರಿಶೀಲನೆಯ ದಿನ ಈ ವ್ಯತ್ಯಾಸವೇ ದೊಡ್ಡ ತೊಡಕಾಗುವುದುಂಟು. ತಿದ್ದುಪಡಿಗೆ ತಗಲುವ ದಿನಗಳನ್ನೂ ಯೋಜನೆಯಲ್ಲಿ ಸೇರಿಸಿಕೊಳ್ಳಬೇಕು.

ಒಂಬತ್ತು ಅಧ್ಯಾಯಗಳಿಗೆ ಗಂಟೆಗಳ ಹಂಚಿಕೆ

ಪಠ್ಯಕ್ರಮದಲ್ಲಿ ಒಂಬತ್ತು ಅಧ್ಯಾಯಗಳಿವೆ: ಗಣಕಯಂತ್ರದ ಪರಿಚಯ, ಕಾರ್ಯಾಚರಣ ವ್ಯವಸ್ಥೆ, ಪದ ಸಂಸ್ಕರಣೆ, ಸ್ಪ್ರೆಡ್‌ಶೀಟ್, ಪ್ರಸ್ತುತಿ, ಅಂತರ್ಜಾಲ, ಇ-ಮೇಲ್ ಹಾಗೂ ಇ-ಆಡಳಿತ ಸೇವೆಗಳು, ಡಿಜಿಟಲ್ ಹಣಕಾಸು ಸಾಧನಗಳು, ಭವಿಷ್ಯದ ಕೌಶಲ್ಯಗಳು ಮತ್ತು ಸೈಬರ್ ಸುರಕ್ಷತೆ. ಒಂಬತ್ತಕ್ಕೂ ಸಮಪಾಲು ಹಂಚುವುದು ಸರಿಯಲ್ಲ. ಮೊದಲನೆಯದಕ್ಕೆ 6, ಎರಡನೆಯದಕ್ಕೆ 8, ಪದ ಸಂಸ್ಕರಣೆಗೆ 14, ಸ್ಪ್ರೆಡ್‌ಶೀಟ್‌ಗೆ 16, ಪ್ರಸ್ತುತಿಗೆ 10, ಅಂತರ್ಜಾಲಕ್ಕೆ 6, ಇ-ಮೇಲ್ ಮತ್ತು ಇ-ಆಡಳಿತಕ್ಕೆ 8, ಕೊನೆಯ ಎರಡಕ್ಕೆ ತಲಾ 6 ಗಂಟೆ ಇಟ್ಟುಕೊಂಡಲ್ಲಿ 80 ಗಂಟೆಗಳು ಸರಿಹೊಂದುತ್ತವೆ. ಇದು ಸಂಸ್ಥೆಯು ವಿಧಿಸಿದ ಹಂಚಿಕೆಯಲ್ಲ, ಅರ್ಜಿದಾರರ ಅನುಕೂಲಕ್ಕೆ ಸೂಚಿಸಿದ ಹಂಚಿಕೆ. ಇದರಲ್ಲಿ ಮೂರು, ನಾಲ್ಕು ಮತ್ತು ಐದನೆಯ ಅಧ್ಯಾಯಗಳಿಗೇ 40 ಗಂಟೆ, ಅಂದರೆ ಅರ್ಧ ಸಮಯ, ಮೀಸಲಾಗಿರುವುದನ್ನು ಗಮನಿಸಬಹುದು. ಕೈಯಿಂದ ಮಾಡಿ ಕಲಿಯಬೇಕಾದ ಅಧ್ಯಾಯಗಳು ಅವೇ. ಉಳಿದವುಗಳಲ್ಲಿ ಓದಿ ತಿಳಿಯುವ ಅಂಶವೇ ಹೆಚ್ಚು.

ವಾರಕ್ಕೆ 9 ಗಂಟೆಯವರಿಗೆ ಈ ಹಂಚಿಕೆ ಹೀಗೆ ಬರುತ್ತದೆ. ಎರಡನೆಯ ವಾರದ ಮಧ್ಯಕ್ಕೆ ಮೊದಲೆರಡು ಅಧ್ಯಾಯಗಳು ಮುಗಿದಿರಬೇಕು. ಮೂರನೆಯ ವಾರ ಕಳೆಯುವ ಹೊತ್ತಿಗೆ ಪದ ಸಂಸ್ಕರಣೆ, ಐದನೆಯ ವಾರದ ಕೊನೆಗೆ ಸ್ಪ್ರೆಡ್‌ಶೀಟ್, ಆರನೆಯ ವಾರಕ್ಕೆ ಪ್ರಸ್ತುತಿ. ಏಳರಿಂದ ಒಂಬತ್ತನೆಯ ವಾರದವರೆಗೆ ಉಳಿದ ನಾಲ್ಕು ಅಧ್ಯಾಯಗಳು. ಹತ್ತು ಮತ್ತು ಹನ್ನೊಂದನೆಯ ವಾರಗಳು ಕಾಯ್ದಿರಿಸಿದವು. ಐದನೆಯ ವಾರದ ಕೊನೆಯಲ್ಲಿ ಸ್ಪ್ರೆಡ್‌ಶೀಟ್ ಎಲ್ಲಿಗೆ ಬಂದಿದೆ ಎಂಬುದನ್ನು ನೋಡಿದರೆ ಯೋಜನೆ ಸರಿಯಾಗಿ ನಡೆಯುತ್ತಿದೆಯೇ ಇಲ್ಲವೇ ಎಂಬುದು ತಿಳಿಯುತ್ತದೆ.

ಯಾವ ತಂತ್ರಾಂಶದಲ್ಲಿ ಅಭ್ಯಾಸ ಮಾಡಬೇಕು

ಪಠ್ಯಕ್ರಮದಲ್ಲಿ ಸೂಚಿಸಿರುವುದು ಲಿಬ್ರೆಆಫೀಸ್ ತಂತ್ರಾಂಶವನ್ನು: ಪದ ಸಂಸ್ಕರಣೆಗೆ ರೈಟರ್, ಲೆಕ್ಕಕ್ಕೆ ಕ್ಯಾಲ್ಕ್, ಪ್ರಸ್ತುತಿಗೆ ಇಂಪ್ರೆಸ್. ಅನೇಕ ತರಬೇತಿ ಕೇಂದ್ರಗಳಲ್ಲಿ ಕಲಿಸುವುದು ಮೈಕ್ರೋಸಾಫ್ಟ್ ಆಫೀಸ್. ಎರಡರ ತತ್ವ ಒಂದೇ ಆದರೂ ಪರೀಕ್ಷೆಯು ವಸ್ತುನಿಷ್ಠವಾದುದರಿಂದ ಸಣ್ಣ ವ್ಯತ್ಯಾಸಗಳೇ ಅಂಕವನ್ನು ನಿರ್ಧರಿಸುತ್ತವೆ. ಉದಾಹರಣೆಗೆ, ಮೈಕ್ರೋಸಾಫ್ಟ್ ವರ್ಡ್‌ನಲ್ಲಿ ಎಫ್12 ಕೀಲಿಯನ್ನು ಒತ್ತಿದಲ್ಲಿ ಕಡತವನ್ನು ಬೇರೆ ಹೆಸರಿನಲ್ಲಿ ಉಳಿಸುವ ಕಿಟಕಿ ತೆರೆಯುತ್ತದೆ. ರೈಟರ್‌ನಲ್ಲಿ ಅದೇ ಕೀಲಿಯು ಸಾಲುಗಳಿಗೆ ಕ್ರಮಸಂಖ್ಯೆ ಹಾಕುತ್ತದೆ. ಬೇರೆ ಹೆಸರಿನಲ್ಲಿ ಉಳಿಸಲು ರೈಟರ್‌ನಲ್ಲಿ ಕಂಟ್ರೋಲ್, ಶಿಫ್ಟ್ ಮತ್ತು ಎಸ್ ಕೀಲಿಗಳನ್ನು ಒಟ್ಟಿಗೆ ಒತ್ತಬೇಕು. ಎಫ್5 ಕೀಲಿಯು ರೈಟರ್‌ನಲ್ಲಿ ನ್ಯಾವಿಗೇಟರ್ ಎಂಬ ಕಿಟಕಿಯನ್ನು ತೆರೆದರೆ ಇಂಪ್ರೆಸ್‌ನಲ್ಲಿ ಪ್ರಸ್ತುತಿಯನ್ನು ಆರಂಭಿಸುತ್ತದೆ. ಕಡತಗಳ ವಿಸ್ತರಣೆಯೂ ಬೇರೆ: ರೈಟರ್‌ಗೆ ಓಡಿಟಿ, ಕ್ಯಾಲ್ಕ್‌ಗೆ ಓಡಿಎಸ್, ಇಂಪ್ರೆಸ್‌ಗೆ ಓಡಿಪಿ.

ಲಿಬ್ರೆಆಫೀಸ್ ಉಚಿತ ತಂತ್ರಾಂಶವಾಗಿದ್ದು ಯಾರು ಬೇಕಾದರೂ ತಮ್ಮ ಯಂತ್ರದಲ್ಲಿ ಸ್ಥಾಪಿಸಿಕೊಳ್ಳಬಹುದು. ಕೇಂದ್ರದ ಯಂತ್ರದಲ್ಲಿ ಅದು ಇಲ್ಲದಿದ್ದಲ್ಲಿ ಸ್ಥಾಪಿಸಿಕೊಡುವಂತೆ ಮೊದಲ ದಿನವೇ ವಿನಂತಿಸಿಕೊಳ್ಳಬೇಕು. ಏಳೆಂಟು ವಾರ ಒಂದು ತಂತ್ರಾಂಶದಲ್ಲಿ ಕಲಿತು, ಕೊನೆಯ ವಾರದಲ್ಲಿ ಮತ್ತೊಂದರ ಕೀಲಿಗಳನ್ನು ಬಾಯಿಪಾಠ ಮಾಡುವುದು ವ್ಯರ್ಥ ಶ್ರಮ.

ಅಭ್ಯಾಸಕ್ಕೆ ಮನೆಯ ಲೆಕ್ಕವೇ ಸಾಕು

ಸ್ಪ್ರೆಡ್‌ಶೀಟ್ ಅಧ್ಯಾಯದಲ್ಲಿ ಹಿಂದೆ ಬೀಳುವವರೇ ಹೆಚ್ಚು. ಪುಸ್ತಕದಲ್ಲಿ ಕೊಟ್ಟಿರುವ ಕಾಲ್ಪನಿಕ ಅಂಕಪಟ್ಟಿಗಳನ್ನು ನಕಲು ಮಾಡುವುದರಿಂದ ಬೇಸರ ಹುಟ್ಟುತ್ತದೆ. ಅದರ ಬದಲು ತಮ್ಮ ಮನೆಗೆ ಸಂಬಂಧಿಸಿದ ಲೆಕ್ಕವನ್ನೇ ಕ್ಯಾಲ್ಕ್‌ನಲ್ಲಿ ಬರೆಯಬಹುದು. ಕಾರ್ಖಾನೆಗೆ ಕಳುಹಿಸಿದ ಕಬ್ಬಿನ ಪ್ರತಿ ಖೇಪಿನ ದಿನಾಂಕ, ತೂಕ, ದರ, ಕಡಿತ ಮತ್ತು ನಿವ್ವಳ ಮೊತ್ತಗಳನ್ನು ಐದು ಅಂಕಣಗಳಲ್ಲಿ ಬರೆದು ಮೊತ್ತ ತೆಗೆಯುವುದು. ದರವನ್ನು ಒಂದೇ ಕೋಶದಲ್ಲಿಟ್ಟು ಎಲ್ಲ ಸಾಲುಗಳಿಂದಲೂ ಅದನ್ನೇ ಉಲ್ಲೇಖಿಸಬೇಕಾದಾಗ ಡಾಲರ್ ಚಿಹ್ನೆಯ ಅಗತ್ಯವೇನೆಂಬುದು ತಾನಾಗಿಯೇ ಅರ್ಥವಾಗುತ್ತದೆ. ಚಿಹ್ನೆಯಿಲ್ಲದೆ ಸೂತ್ರವನ್ನು ಕೆಳಗೆ ಎಳೆದಲ್ಲಿ ಎರಡನೆಯ ಸಾಲಿನಿಂದಲೇ ಉತ್ತರ ಶೂನ್ಯವಾಗುತ್ತದೆ ಅಥವಾ ತಪ್ಪುತ್ತದೆ. ಸ್ವಸಹಾಯ ಸಂಘದ ಸದಸ್ಯೆಯರು ಸಂಘದ ಉಳಿತಾಯ, ಸಾಲ ಮತ್ತು ಬಡ್ಡಿಯ ಪುಸ್ತಕವನ್ನು, ನೇಕಾರರು ವಾರದ ಮಜೂರಿಯನ್ನು ಇದೇ ರೀತಿ ಬರೆದು ನೋಡಬಹುದು. ಕಂತು ಬಾಕಿ ಇರುವ ಸದಸ್ಯರ ಮುಂದೆ "ಬಾಕಿ" ಎಂದು ತಾನಾಗಿ ಬರುವಂತೆ ಮಾಡಲು ಇಫ್ ಸೂತ್ರವನ್ನು ಬಳಸಬೇಕಾಗುತ್ತದೆ. ಕಾಗದದ ಪುಸ್ತಕದ ಮೊತ್ತವೂ ಯಂತ್ರದ ಮೊತ್ತವೂ ತಾಳೆಯಾದಲ್ಲಿ ಅಧ್ಯಾಯ ಕೈಗೆ ಬಂದಿದೆಯೆಂದು ತಿಳಿಯಬಹುದು.

ಇ-ಆಡಳಿತದ ಅಧ್ಯಾಯಕ್ಕೂ ಇದೇ ಮಾತು ಅನ್ವಯಿಸುತ್ತದೆ. ತಮ್ಮ ಜಮೀನಿನ ಪಹಣಿಯನ್ನು ಭೂಮಿ ವ್ಯವಸ್ಥೆಯಲ್ಲಿ ತೆರೆದು ನೋಡುವುದು, ಸೇವಾ ಸಿಂಧುವಿನಲ್ಲಿ ದೊರೆಯುವ ಸೇವೆಗಳ ಪಟ್ಟಿಯನ್ನು ಓದುವುದು, ನಾಡಕಚೇರಿಗೆ ಸಲ್ಲಿಸಿದ ಜಾತಿ ಅಥವಾ ಆದಾಯ ಪ್ರಮಾಣಪತ್ರದ ಅರ್ಜಿಯ ಸ್ಥಿತಿಯನ್ನು ಪರಿಶೀಲಿಸುವುದು, ಡಿಜಿಲಾಕರ್ ಖಾತೆ ತೆರೆಯುವುದು ಇವೆಲ್ಲವೂ ಪಠ್ಯದ ಅಭ್ಯಾಸವೇ. ಹಣಕಾಸು ಸಾಧನಗಳ ಅಧ್ಯಾಯದಲ್ಲಿ 2016ರಲ್ಲಿ ಆರಂಭವಾದ ಯುಪಿಐ, ಹಾಗೂ ಎನ್‌ಇಎಫ್‌ಟಿ, ಆರ್‌ಟಿಜಿಎಸ್‌ಗಳ ನಡುವಿನ ವ್ಯತ್ಯಾಸವನ್ನು ತಿಳಿಯಬೇಕು. ಅಭ್ಯಾಸದ ನೆಪದಲ್ಲಿ ತಮ್ಮ ಒಟಿಪಿ ಅಥವಾ ಪಿನ್ ಸಂಖ್ಯೆಯನ್ನು ಕೇಂದ್ರದ ಯಾರಿಗೂ ನೀಡಬಾರದು. ಕೇಂದ್ರದ ಯಂತ್ರದಲ್ಲಿ ತೆರೆದ ಖಾತೆಯಿಂದ ಹೊರಬಂದ ನಂತರವೇ ಎದ್ದೇಳಬೇಕು. ಹಣ ವಂಚನೆಯಾದಲ್ಲಿ ತಡಮಾಡದೆ 1930 ಸಹಾಯವಾಣಿಗೆ ದೂರು ನೀಡತಕ್ಕದ್ದು.

ಕನ್ನಡ ಮಾಧ್ಯಮದ ಅಭ್ಯರ್ಥಿಗಳಿಗೆ

ಪಾರಿಭಾಷಿಕ ಪದಗಳು ಇಂಗ್ಲಿಷಿನವಾದುದರಿಂದ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಮೊದಲ ಎರಡು ವಾರ ನಿಧಾನವೆನಿಸುವುದು ಸಹಜ. ದಿನಕ್ಕೆ ಎಂಟು ಹತ್ತು ಪದಗಳಂತೆ, ಅರ್ಥವನ್ನು ಕನ್ನಡದಲ್ಲಿಯೂ ಪದವನ್ನು ಪರದೆಯ ಮೇಲೆ ಕಾಣುವ ಹಾಗೆಯೇ ಇಂಗ್ಲಿಷಿನಲ್ಲಿಯೂ ಬರೆದಿಟ್ಟುಕೊಂಡಲ್ಲಿ ಒಂದು ತಿಂಗಳೊಳಗೆ ಈ ತೊಡಕು ಬಹುಮಟ್ಟಿಗೆ ನಿವಾರಣೆಯಾಗುತ್ತದೆ. ಪ್ರಶ್ನೆಪತ್ರಿಕೆಯ ಭಾಷೆಯ ಆಯ್ಕೆಯನ್ನು ಅರ್ಜಿ ನಮೂನೆಯಲ್ಲಿಯೇ ನೋಡಿಕೊಂಡು, ಅಣಕು ಪರೀಕ್ಷೆಗಳನ್ನೂ ಅದೇ ಭಾಷೆಯಲ್ಲಿ ಬರೆಯಬೇಕು. ಇಂತಹವರು ಪಾಠದ 32 ಗಂಟೆಗಳಿಗೆ ಎಂಟು ಗಂಟೆಗಳನ್ನು ಸೇರಿಸಿಕೊಳ್ಳುವುದು ವಾಸ್ತವಕ್ಕೆ ಹತ್ತಿರ.

ಕನ್ನಡ ಬೆರಳಚ್ಚು ಈ ಪರೀಕ್ಷೆಯ ಭಾಗವಲ್ಲ. ಆದರೂ ಈ ರಾಜ್ಯದ ಕಚೇರಿಗಳಲ್ಲಿ ಕೆಲಸ ಬಯಸುವವರು ದಿನಕ್ಕೆ ಹತ್ತು ನಿಮಿಷ ಕನ್ನಡ ಕೀಲಿಮಣೆಯ ಅಭ್ಯಾಸ ಇಟ್ಟುಕೊಳ್ಳುವುದು ಹಿತಕರ. ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ನುಡಿ ತಂತ್ರಾಂಶವನ್ನು ಇದಕ್ಕೆ ಬಳಸಬಹುದು.

ಯೋಜನೆಯಿಂದ ಹಿಂದೆ ಬಿದ್ದಲ್ಲಿ

ಒಂದು ವಾರ ತಪ್ಪಿದಲ್ಲಿ ಮುಂದಿನ ವಾರ ಎರಡು ಪಟ್ಟು ಓದಲು ಹೋಗಬಾರದು. ಕಾಯ್ದಿರಿಸಿದ 16 ಗಂಟೆಗಳಿಂದ ಅದನ್ನು ಸರಿದೂಗಿಸಿ ಎಂದಿನ ವೇಗದಲ್ಲಿಯೇ ಮುಂದುವರಿಯಬೇಕು. ಸತತ ಎರಡು ವಾರ ತಪ್ಪಿದ್ದು, ಅರ್ಜಿ ಇನ್ನೂ ಸಲ್ಲಿಸಿಲ್ಲವಾದಲ್ಲಿ ಪರೀಕ್ಷೆಯ ತಿಂಗಳನ್ನು ಮುಂದಕ್ಕೆ ಹಾಕುವುದೇ ಸರಿ. ಅರ್ಜಿ ಸಲ್ಲಿಸಿ ಆಗಿದ್ದಲ್ಲಿ ಯಾವುದನ್ನು ಮೊಟಕುಗೊಳಿಸಬಹುದೆಂದು ನಿರ್ಧರಿಸಬೇಕಾಗುತ್ತದೆ. ಪ್ರಸ್ತುತಿಯ 10 ಗಂಟೆಗಳನ್ನು 6ಕ್ಕೆ ಇಳಿಸಬಹುದು. ಕೊನೆಯ ಎರಡು ಅಧ್ಯಾಯಗಳನ್ನು ಪ್ರಯಾಣದ ಸಮಯದಲ್ಲಿ ಮೊಬೈಲ್‌ನಲ್ಲಿ ಓದಿ ಮುಗಿಸಬಹುದು. ಲೋಕಾಪುರದಿಂದ ಬಾಗಲಕೋಟೆಯ ಕಾಲೇಜಿಗೆ ದಿನನಿತ್ಯ ಬಸ್ಸಿನಲ್ಲಿ ಹೋಗಿಬರುವ ವಿದ್ಯಾರ್ಥಿಗಳಿಗೆ ಇದು ಕಷ್ಟವಲ್ಲ. ಸ್ಪ್ರೆಡ್‌ಶೀಟ್ ಮತ್ತು ಪದ ಸಂಸ್ಕರಣೆಯ ಗಂಟೆಗಳನ್ನು ಮಾತ್ರ ಕಡಿಮೆ ಮಾಡಬಾರದು. ಕೊನೆಯ ದಿನಗಳಲ್ಲಿ ಓದಿ ತುಂಬಿಕೊಳ್ಳಲಾಗದ ಅಧ್ಯಾಯಗಳು ಇವು.

ಪ್ರಶ್ನೆಗಳು ವಸ್ತುನಿಷ್ಠವಾದುದರಿಂದ ಹಳೆಯ ಪ್ರಶ್ನೆಗಳ ಸಂಗ್ರಹವನ್ನು ಕಂಠಪಾಠ ಮಾಡಿದರೆ ಸಾಕೆಂಬ ಸಲಹೆಯೂ ಕೇಳಿಬರುತ್ತದೆ. ಅದರಿಂದ 50 ಅಂಕ ಬಂದರೂ ಬರಬಹುದು. ಆದರೆ ಕೆಲಸಕ್ಕೆ ಸೇರಿದ ಮೊದಲ ವಾರದಲ್ಲಿಯೇ ಒಂದು ತಖ್ತೆಯನ್ನು ಸಿದ್ಧಪಡಿಸಿ ಕೊಡುವಂತೆ ಮೇಲಧಿಕಾರಿಗಳು ಸೂಚಿಸಿದಾಗ ಆ ಸಂಗ್ರಹ ಪ್ರಯೋಜನಕ್ಕೆ ಬಾರದು.

ಕೊನೆಯ ಎರಡು ವಾರಗಳಲ್ಲಿ ಹೊಸ ವಿಷಯವನ್ನು ಆರಂಭಿಸದೆ, ದಿನ ಬಿಟ್ಟು ದಿನ 90 ನಿಮಿಷಗಳ ಅಣಕು ಪರೀಕ್ಷೆ ಬರೆಯಬೇಕು. ತಪ್ಪಿದ ಪ್ರಶ್ನೆಗಳನ್ನು ಅಧ್ಯಾಯವಾರು ಗುರುತು ಮಾಡಿ ಮರುದಿನ ಆ ಭಾಗವನ್ನಷ್ಟೇ ನೋಡಿದಲ್ಲಿ ಸಾಕು. ತಪ್ಪು ಉತ್ತರಕ್ಕೆ ಅಂಕ ಕಳೆಯದಿರುವುದರಿಂದ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬಾರದು.

ಪ್ರಮಾಣಪತ್ರದ ಬಳಕೆಯ ಬಗ್ಗೆ ಸ್ಪಷ್ಟೀಕರಣ

ಸಿಸಿಸಿ ಪ್ರಮಾಣಪತ್ರವಿದ್ದ ಮಾತ್ರಕ್ಕೆ ಎಲ್ಲ ಹುದ್ದೆಗಳಿಗೂ ಅರ್ಹತೆ ದೊರೆಯುತ್ತದೆ ಎಂದು ಭಾವಿಸಬಾರದು. ಪ್ರತಿ ನೇಮಕಾತಿ ಅಧಿಸೂಚನೆಯಲ್ಲಿ ಯಾವ ಪ್ರಮಾಣಪತ್ರವನ್ನು ಕೇಳಲಾಗಿದೆ ಎಂಬುದನ್ನು ಓದಿಯೇ ಶಿಕ್ಷಣಕ್ರಮವನ್ನು ಆಯ್ಕೆ ಮಾಡತಕ್ಕದ್ದು. ಕರ್ನಾಟಕ ರಾಜ್ಯ ಸರ್ಕಾರಿ ನೌಕರರಿಗೆ 2012ರ ಕರ್ನಾಟಕ ಸಿವಿಲ್ ಸೇವೆಗಳ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆ ನಿಯಮಗಳ ಮೇರೆಗೆ ನಡೆಯುವ ಪರೀಕ್ಷೆಯು ಪ್ರತ್ಯೇಕವಾದುದು. ಈಗಾಗಲೇ ಸೇವೆಯಲ್ಲಿರುವವರು ಆ ನಿಯಮಗಳನ್ನು ನೋಡಿಕೊಳ್ಳಬೇಕು. ಕರ್ನಾಟಕ ಲೋಕಸೇವಾ ಆಯೋಗದ ಗ್ರೂಪ್ 'ಸಿ' ಹುದ್ದೆಗಳ ಸ್ಪರ್ಧಾತ್ಮಕ ಪರೀಕ್ಷೆಗಳಲ್ಲಿ ಸಾಮಾನ್ಯ ಕನ್ನಡ ಮತ್ತು ಸಾಮಾನ್ಯ ಇಂಗ್ಲಿಷ್ ಜೊತೆಗೆ ಕಂಪ್ಯೂಟರ್ ಜ್ಞಾನವೂ ಸೇರಿದ ಪತ್ರಿಕೆ ಇರುವುದರಿಂದ ಸಿಸಿಸಿಗೆ ಮಾಡಿದ ಅಭ್ಯಾಸ ಅಲ್ಲಿಯೂ ಉಪಯುಕ್ತ.

80 ಗಂಟೆ ತಮಗೆ ಸಾಧ್ಯವಿಲ್ಲವೆನಿಸುವವರಿಗೆ ಇದೇ ಸಂಸ್ಥೆಯ 36 ಗಂಟೆಗಳ ಬಿಸಿಸಿ ಎಂಬ ಶಿಕ್ಷಣಕ್ರಮವೂ ಇದೆ. ಗಣಕಯಂತ್ರವನ್ನು ಎಂದೂ ಮುಟ್ಟದ ಹಿರಿಯರು ಅಲ್ಲಿಂದ ಆರಂಭಿಸುವುದು ಸೂಕ್ತ. ಮುಂದೆ ಓ ಲೆವೆಲ್‌ಗೆ ಹೋಗಲು ಇಚ್ಛಿಸುವವರು ಅದನ್ನು ಸಿಸಿಸಿಯ ಮುಂದುವರಿಕೆಯೆಂದು ಲಘುವಾಗಿ ಎಣಿಸಬಾರದು. ಅದರಲ್ಲಿ ಜಾಲಪುಟ ವಿನ್ಯಾಸ ಹಾಗೂ ಪೈಥಾನ್ ಭಾಷೆಯ ಮೂಲಕ ಪ್ರೋಗ್ರಾಮಿಂಗ್ ಸಹ ಸೇರಿದ್ದು, ಯೋಜನೆಯನ್ನು ವಾರಗಳ ಬದಲು ತಿಂಗಳುಗಳ ಲೆಕ್ಕದಲ್ಲಿ ಹಾಕಬೇಕಾಗುತ್ತದೆ.

ಪರೀಕ್ಷೆಯ ದಿನ

ಪ್ರವೇಶಪತ್ರವನ್ನು ಸಂಸ್ಥೆಯ ಜಾಲತಾಣದಿಂದ ಪಡೆದು ಮುದ್ರಿಸಿಕೊಂಡು, ಅದರಲ್ಲಿ ನಮೂದಿಸಿದ ಪರೀಕ್ಷಾ ಕೇಂದ್ರ, ಪಾಳಿ ಮತ್ತು ವರದಿ ಮಾಡಿಕೊಳ್ಳುವ ಸಮಯವನ್ನು ನೋಡಿಕೊಳ್ಳಬೇಕು. ಕೇಂದ್ರವು ಬೇರೆ ಊರಿನಲ್ಲಿದ್ದು ಬೆಳಗಿನ ಪಾಳಿ ದೊರೆತಿದ್ದಲ್ಲಿ ಮೊದಲ ಬಸ್ಸು ತಲುಪುವ ಸಮಯವನ್ನು ಹಿಂದಿನ ದಿನವೇ ನಿಲ್ದಾಣದಲ್ಲಿ ವಿಚಾರಿಸಿಕೊಳ್ಳುವುದು, ಅಗತ್ಯವಾದಲ್ಲಿ ಹಿಂದಿನ ರಾತ್ರಿಯೇ ಅಲ್ಲಿ ತಂಗುವ ವ್ಯವಸ್ಥೆ ಮಾಡಿಕೊಳ್ಳುವುದು. ಪ್ರವೇಶಪತ್ರದೊಂದಿಗೆ ಭಾವಚಿತ್ರವಿರುವ ಮೂಲ ಗುರುತಿನ ಚೀಟಿಯನ್ನು ಕಡ್ಡಾಯವಾಗಿ ಒಯ್ಯತಕ್ಕದ್ದು. ಫಲಿತಾಂಶದ ನಂತರ ಉತ್ತೀರ್ಣರಾದವರಿಗೆ ಪ್ರಮಾಣಪತ್ರವು ಡಿಜಿಟಲ್ ರೂಪದಲ್ಲಿ ಲಭ್ಯವಾಗುತ್ತದೆ. ಅದನ್ನು ಡಿಜಿಲಾಕರ್‌ನಲ್ಲಿ ಇರಿಸಿಕೊಂಡು, ಒಂದು ಮುದ್ರಿತ ಪ್ರತಿಯನ್ನು ಅಂಕಪಟ್ಟಿಗಳ ಜೊತೆ ತೆಗೆದಿಟ್ಟುಕೊಳ್ಳಬಹುದು. ಅನುತ್ತೀರ್ಣರಾದವರು ಹೊಸದಾಗಿ ಶುಲ್ಕ ಪಾವತಿಸಿ ಮುಂದಿನ ಯಾವುದೇ ತಿಂಗಳ ಪರೀಕ್ಷೆಗೆ ಅರ್ಜಿ ಸಲ್ಲಿಸಬಹುದು.